ಮಾರಿಯೊ ಬಾವಾ ಹೆಸರು ಬಿಟ್ಟುಹೋಯಿತು

ಸಂಪಾದಕರೇ,

ಕಳೆದ ಭಾನುವಾರದ ಸಿನಿಮಾ ಪುಟದಲ್ಲಿ ಹಾರರ್ ಚಿತ್ರಗಳ ಬಗ್ಗೆ ಬಂದ ಲೇಖನವನ್ನು ಖುಷಿಯಿಂದ ಓದಿದೆ. ಆದರೆ ಮುಖವಾಡದ ಕೊಲೆಗಾರ ಒಬ್ಬೊಬ್ಬರನ್ನೇ ಮುಗಿಸುತ್ತಾ ಹೋಗುವ ಕಥೆ 1970ರ ದಶಕದ ಕೊನೆಗೆ ಅಮೆರಿಕದಲ್ಲಿ ಶುರುವಾಯಿತು ಎಂದು ಬರೆದಿದ್ದೀರಿ. ಅದು ಸರಿಯಲ್ಲ. ಇಟಲಿಯ ಮಾರಿಯೊ ಬಾವಾ 1964ರಲ್ಲೇ ‘ಬ್ಲಡ್ ಅಂಡ್ ಬ್ಲ್ಯಾಕ್ ಲೇಸ್’ ಮಾಡಿದ್ದರು. ಒಂದು ಫ್ಯಾಷನ್ ಹೌಸ್, ಅಲ್ಲಿನ ಮಾಡೆಲ್‌ಗಳು, ಕಣ್ಣು ಮೂಗು ಏನೂ ಕಾಣದ ಮುಖವಾಡ ತೊಟ್ಟ ಕೊಲೆಗಾರ. ಎಲ್ಲಾ ಅದರಲ್ಲೇ ಇದೆ. ಲೇಖನದಲ್ಲಿ ಎಲ್ಲೂ ಅವರ ಹೆಸರಿಲ್ಲದ್ದು ನೋಡಿ ಬೇಜಾರಾಯಿತು.

ಬಾವಾ ಹುಟ್ಟಿದ್ದು 1914ರಲ್ಲಿ, ಸಾನ್ ರೆಮೊ ಊರಿನಲ್ಲಿ. ಅಪ್ಪ ಯುಜೆನಿಯೊ ಮೂಕಿ ಚಿತ್ರಗಳ ಕಾಲದಿಂದ ಕ್ಯಾಮೆರಾ, ಟ್ರಿಕ್ ಶಾಟ್ ಮಾಡುತ್ತಿದ್ದವರು. ಮಗ ಕಲಿತದ್ದೂ ಅದನ್ನೇ. ‘ಬ್ಲ್ಯಾಕ್ ಸಂಡೇ’ಗೆ ನಿರ್ದೇಶಕ ಅಂತ ಹೆಸರು ಬಂದಾಗ ಇಸವಿ 1960, ವಯಸ್ಸು ಆಗಲೇ 45 ದಾಟಿತ್ತು. ಅದಕ್ಕೆ ಮುಂಚೆ ಬೇರೆಯವರು ನಡುವೆ ಬಿಟ್ಟುಹೋದ ಚಿತ್ರಗಳನ್ನು ಸದ್ದಿಲ್ಲದೆ ಮುಗಿಸಿಕೊಟ್ಟಿದ್ದರು.

ಅಂಥದ್ದೇ ಒಂದು, 1957ರ ‘ಇ ವಂಪೀರಿ’. ಅದರಲ್ಲಿ ಸುಂದರಿಯೊಬ್ಬಳು ನಮ್ಮ ಕಣ್ಣೆದುರೇ ಮುದುಕಿಯಾಗುತ್ತಾಳೆ. ಮಧ್ಯೆ ಕಟ್ ಇಲ್ಲ. ನಾನು ಆ ಶಾಟನ್ನು ಎಷ್ಟು ಸಲ ಹಿಂದೆ ಮುಂದೆ ಓಡಿಸಿ ನೋಡಿದ್ದೇನೋ! ಮುಖದ ಮೇಲೆ ಸುಕ್ಕುಗಳನ್ನು ಕೆಂಪು ಬಣ್ಣದಲ್ಲಿ ಬರೆದಿದ್ದಾರೆ. ಕೆಂಪು ಬೆಳಕಿನಲ್ಲಿ ಆ ಗೆರೆಗಳು ಕಾಣುವುದಿಲ್ಲ. ಬೆಳಕನ್ನು ಮೆಲ್ಲಗೆ ನೀಲಿ ಹಸಿರಿನ ಕಡೆ ತಿರುಗಿಸಿದರೆ ಅವೇ ಗೆರೆಗಳು ಕಪ್ಪಾಗಿ ಮೇಲೇಳುತ್ತವೆ. ಕಪ್ಪು ಬಿಳುಪು ಚಿತ್ರವಾದ್ದರಿಂದ ಬಣ್ಣ ಬದಲಾದದ್ದು ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಖರ್ಚು ಏನಿದೆ ಅದರಲ್ಲಿ? ಒಂದಿಷ್ಟು ಬಣ್ಣ, ಎರಡು ಫಿಲ್ಟರ್. ಮಿಕ್ಕದ್ದೆಲ್ಲ ಕೈಚಳಕ.

ದುಡ್ಡಂತೂ ಅವರಿಗೆ ಜಾಸ್ತಿ ಸಿಗಲೇ ಇಲ್ಲ. 1965ರ ‘ಪ್ಲಾನೆಟ್ ಆಫ್ ದಿ ವ್ಯಾಂಪೈರ್ಸ್’ನಲ್ಲಿ ಇಡೀ ಒಂದು ಗ್ರಹ ತೋರಿಸಬೇಕಿತ್ತು. ಅವರೇ ಹೇಳಿಕೊಂಡಂತೆ ಕೈಯಲ್ಲಿದ್ದದ್ದು ಎರಡು ಪ್ಲಾಸ್ಟಿಕ್ ಬಂಡೆ, ಜೊತೆಗೆ ಹೊಗೆ. ಇವತ್ತಿಗೂ ಆ ಗ್ರಹ ನೋಡಿದರೆ ಮೈ ಜುಮ್ಮೆನ್ನುತ್ತದೆ.

ಕೊನೆಯ ವರ್ಷಗಳಲ್ಲಿ ಅವರಿಗೆ ಆದದ್ದು ಅನ್ಯಾಯ. 1973ರ ‘ಲೀಸಾ ಅಂಡ್ ದಿ ಡೆವಿಲ್’ ಕೊಳ್ಳುವವರಿಲ್ಲ ಅಂತ ಅದಕ್ಕೆ ಭೂತ ಬಿಡಿಸುವ ದೃಶ್ಯಗಳನ್ನು ಸೇರಿಸಿ, ಬೇರೆಯದೇ ಚಿತ್ರ ಮಾಡಿ ಬಿಟ್ಟರು. 1974ರಲ್ಲಿ ಹೆಚ್ಚು ಕಮ್ಮಿ ಪೂರ್ತಿ ಕಾರಿನೊಳಗೇ ತೆಗೆದ ‘ರ‍್ಯಾಬಿಡ್ ಡಾಗ್ಸ್’ ನಿರ್ಮಾಪಕರು ದಿವಾಳಿಯಾಗಿ ಸಿಕ್ಕಿಹಾಕಿಕೊಂಡಿತು. ಬಾವಾ 1980ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಆ ಚಿತ್ರ ಜನರ ಮುಂದೆ ಬಂದದ್ದು 1990ರ ದಶಕದಲ್ಲಿ.

ದಯವಿಟ್ಟು ಮುಂದಿನ ಭಾನುವಾರ ಒಂದು ಸಣ್ಣ ತಿದ್ದುಪಡಿಯನ್ನಾದರೂ ಹಾಕಿ. ಜಾಗ ಇದ್ದರೆ ಅವರ ಮೇಲೇ ಒಂದು ಲೇಖನ ಬರೆಸಿ.

ಇಂತಿ,
ನಿಮ್ಮ ಓದುಗ,
ಮೈಸೂರು