ಚಿಪ್ ದೋಷದ ಸುದ್ದಿ ಕೊಂಡವರಿಗೂ ತಲುಪಲಿ

ಮಾನ್ಯರೇ,

ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು (ಕಂಪ್ಯೂಟರಿನ ಮುಖ್ಯ ಚಿಪ್‌ಗಳು) ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಪಡೆದು ಕೆಡುತ್ತಿರುವುದನ್ನು ಕಂಪನಿಯೇ 2024ರಲ್ಲಿ ಒಪ್ಪಿಕೊಂಡಿತು. ತಂತ್ರಾಂಶದ ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಮಾರಿದ ಚಿಪ್‌ಗಳನ್ನು ಮಾತ್ರ ವಾಪಸು ಕರೆಸಿಕೊಳ್ಳಲಿಲ್ಲ. ಈಗಾಗಲೇ ಹಾಳಾದ ಚಿಪ್ ತಂತ್ರಾಂಶದಿಂದ ಸರಿಹೋಗದು, ಬದಲಿಸಲೇಬೇಕು.

ಕಲಬುರಗಿಯಲ್ಲಿ ಇದು ಎಷ್ಟು ಗ್ರಾಹಕರಿಗೆ ಗೊತ್ತು? ಡಿಟಿಪಿ ಅಂಗಡಿಯವರು, ಮದುವೆ ವಿಡಿಯೊ ಸಂಕಲಿಸುವ ಹುಡುಗರು ಸಾಲ ಮಾಡಿ ಕಂಪ್ಯೂಟರ್ ಕೊಳ್ಳುತ್ತಾರೆ. ಅದು ಪದೇ ಪದೇ ನಿಂತುಹೋದರೆ ಮಾರಿದವರು ವಿದ್ಯುತ್ ಏರಿಳಿತ ಎನ್ನುತ್ತಾರೆ, ಇಲ್ಲಿನ ಬಿಸಿಲು ಎನ್ನುತ್ತಾರೆ, ವಿಂಡೋಸ್ ಮತ್ತೆ ಹಾಕಿಸಿ ಎನ್ನುತ್ತಾರೆ. ಖರ್ಚೆಲ್ಲ ಗ್ರಾಹಕನ ತಲೆಗೆ. ಇದು ಅನ್ಯಾಯ.

1994ರಲ್ಲಿ ಪೆಂಟಿಯಮ್ ಚಿಪ್‌ನ ಭಾಗಾಕಾರದ ದೋಷ ಬಯಲಾದಾಗ, ನಿಜಕ್ಕೂ ತೊಂದರೆಯಾಗುತ್ತದೆ ಎಂದು ತೋರಿಸಿದವರಿಗಷ್ಟೇ ಹೊಸದು ಕೊಡುವುದಾಗಿ ಇದೇ ಕಂಪನಿ ಹೇಳಿತ್ತು. ಗ್ರಾಹಕರು ಸಿಡಿದೆದ್ದರು. ಡಿಸೆಂಬರ್ ಮುಗಿಯುವುದರೊಳಗೆ ಕೇಳಿದವರಿಗೆಲ್ಲ ಬದಲಿಸಿಕೊಡಲು ಒಪ್ಪಿ, ಅದಕ್ಕಾಗಿ 47.5 ಕೋಟಿ ಡಾಲರ್ ತೆಗೆದಿಟ್ಟಿತು. ಸುಮ್ಮನಿದ್ದಿದ್ದರೆ ಇದು ಆಗುತ್ತಿತ್ತೇ?

ಬಿಲ್ಲಿನಲ್ಲಿ ನಮ್ಮ ಮೊಬೈಲ್ ಸಂಖ್ಯೆ ಬರೆದುಕೊಂಡು ಹಬ್ಬದ ರಿಯಾಯಿತಿಯ ಸಂದೇಶ ಕಳುಹಿಸುವ ಮಾರಾಟಗಾರರು ಇಂಥ ದೋಷದ ಮಾಹಿತಿಯನ್ನೂ ಕಳುಹಿಸಬೇಕು. ಬಿಲ್ ಜೋಪಾನವಾಗಿಟ್ಟುಕೊಂಡಿರುವ ಗ್ರಾಹಕರು ತಮ್ಮ ಪ್ರೊಸೆಸರ್ ಯಾವುದೆಂದು ನೋಡಿ, ವಾರಂಟಿಯನ್ನು ಪಟ್ಟು ಹಿಡಿದು ಕೇಳಲಿ. ನಿರಾಕರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ.

– ಒಬ್ಬ ಗ್ರಾಹಕ, ಕಲಬುರಗಿ