ಖಣಿ ಉದ್ಯಾನದ ಆ ಜ್ವಾಲಾಮುಖಿ ಚಿತ್ರ ತೆಗೆಸಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು 31 ವರ್ಷ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು. ಊರಾಚೆಯ ಹಳೇ ಕಲ್ಲಿನ ಖಣಿಯನ್ನು ಉದ್ಯಾನ ಮಾಡಿಸಿದ್ದು ತಾವೇ. ಅದಕ್ಕೆ ಊರೇ ಖುಷಿಪಟ್ಟಿದೆ, ನಾನೂ ಪಟ್ಟಿದ್ದೇನೆ. ಆದರೆ ಅಲ್ಲಿನ ಗೋಡೆಯ ಮೇಲಿರುವ ಜ್ವಾಲಾಮುಖಿಯ ಚಿತ್ರ ತಪ್ಪು. ಮೂರು ವರ್ಷದಲ್ಲಿ ನಾಲ್ಕು ಅರ್ಜಿ ಕೊಟ್ಟೆ. ಒಂದಕ್ಕೂ ಉತ್ತರ ಬರಲಿಲ್ಲ. ಅದನ್ನು ತೆಗೆಸಿ, ಸರಿಯಾದದ್ದು ಬರೆಸಿ ಅಂತ ಈಗ ಎಲ್ಲರೆದುರು ಕೇಳುತ್ತಿದ್ದೇನೆ.

ಚಿತ್ರದಲ್ಲಿ ಒಂದು ಚೂಪು ಗುಡ್ಡ, ಅದರ ತುದಿಯಲ್ಲಿ ಬೆಂಕಿ. ಕೆಳಗೆ ‘ನಮ್ಮ ಕರಿಗಲ್ಲು ಹುಟ್ಟಿದ್ದು ಹೀಗೆ’ ಎಂದು ಬರೆದಿದೆ. ಹಾಗೆ ಹುಟ್ಟಿಲ್ಲ ಸಾಹೇಬರೇ. ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್‌ನಲ್ಲಿ ನೆಲವೇ ಉದ್ದುದ್ದ ಬಿರುಕು ಬಿಟ್ಟಿತ್ತು. ಅಲ್ಲಿಂದ ಉಕ್ಕಿದ ಲಾವಾರಸ ತೆಳ್ಳಗಿತ್ತು. ಅದಕ್ಕೇ ಗುಡ್ಡವಾಗಿ ನಿಲ್ಲದೆ ದೂರದೂರಕ್ಕೆ ಹರಿದು ಹಾಸಿಕೊಂಡಿತು. ಬುಟ್ಟಿಯಲ್ಲಿ ರೊಟ್ಟಿ ಪೇರಿಸಿದ ಹಾಗೆ ಒಂದರ ಮೇಲೊಂದು ಪದರ. ಈಗ ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಮಹಾರಾಷ್ಟ್ರದ ಬಹುಪಾಲು ನೆಲ ಅದೇ ಕಲ್ಲು. ನಮ್ಮ ವಿಜಯಪುರ, ಕಲಬುರಗಿ, ಬೀದರ, ಬೆಳಗಾವಿ ಅದರ ದಕ್ಷಿಣದ ಸೆರಗು. ಗೋಳಗುಮ್ಮಟ ಕಟ್ಟಿದ್ದು ಈ ಕಲ್ಲಿನಿಂದಲೇ. ನಾವು ಜೋಳ ಬಿತ್ತುವ ಎರೆಮಣ್ಣು ಈ ಕಲ್ಲು ಪುಡಿಯಾಗಿ ಆದದ್ದು.

ನನಗೆ ಹೆಚ್ಚು ಸಂಕಟ ಆಗುವುದು ಇದಕ್ಕೆ: ನಿಜವಾದ ಚಿತ್ರ ಆ ಗೋಡೆಯ ಎದುರಿಗೇ ಇದೆ. ಖಣಿ ಕಡಿದ ಮೈಯಲ್ಲಿ ಎರಡು ಕಪ್ಪು ಪದರ, ನಡುವೆ ಒಂದು ಮೊಳ ಕೆಂಪು ಪಟ್ಟಿ. ಮೊದಲ ಲಾವಾ ಆರಿ, ಮಳೆ ಗಾಳಿಗೆ ಅದರ ಮೈ ಮಣ್ಣಾಗಿ, ಆಮೇಲೆ ಇನ್ನೊಂದು ಲಾವಾ ಬಂದು ಅದನ್ನು ಮುಚ್ಚಿದೆ. ಎರಡು ಸಲ ಲಾವಾ ಉಕ್ಕಿದ್ದರ ನಡುವೆ ಕಳೆದ ಕಾಲ ಅದು, ಕೈಯಿಂದ ಮುಟ್ಟಬಹುದು. ಮೇಲಿನ ಪದರದಲ್ಲಿ ಸಣ್ಣ ಸಣ್ಣ ತೂತುಗಳಿವೆ. ಲಾವಾದೊಳಗಿನ ಗಾಳಿಗುಳ್ಳೆ ಬಿಟ್ಟುಹೋದ ಜಾಗ. ಕೆಲವದರಲ್ಲಿ ಬಿಳಿ ಹರಳು ತುಂಬಿದೆ. ಬಂದವರೆಲ್ಲ ಇದಕ್ಕೆ ಬೆನ್ನು ಹಾಕಿ, ಆ ಸುಳ್ಳು ಗುಡ್ಡದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಕಳೆದ ತಿಂಗಳು ಇಬ್ಬರು ಪೇಂಟರ್‌ಗಳು ಬಂದರು. ನನ್ನ ಅರ್ಜಿಗೆ ಬೆಲೆ ಬಂತು ಅಂದುಕೊಂಡು ಓಡಿದೆ. ಮನೆಯಿಂದ ಚಹಾ ಒಯ್ದು ಕೊಟ್ಟೆ. ಖಣಿಯ ಪದರಗಳು ಕಾಣುವ ಹಾಗೆ ನಾನು ಎರಡು ತಿಂಗಳು ಕೂತು ಬರೆದಿದ್ದ ಅಡ್ಡಕೊಯ್ತದ ಚಿತ್ರವನ್ನೂ ಬಿಚ್ಚಿ ತೋರಿಸಿದೆ. ಅವರು ಮೊಬೈಲ್ ತೆಗೆದು ಯಾವುದೋ ಪರದೇಶದ ಪರ್ವತ ತೋರಿಸಿದರು. ಅದೇ ಗುಡ್ಡ ಮತ್ತೆ ಎದ್ದಿತು. ಈಗ ತಲೆಯ ಮೇಲೆ ಹಿಮ ಬೇರೆ! ಸಂಬಂಧಪಟ್ಟ ಎಂಜಿನಿಯರರಿಗೆ ಫೋನ್ ಮಾಡಿದೆ. ‘ಗುಡ್ಡ ಇಲ್ಲದಿದ್ರೆ ಜ್ವಾಲಾಮುಖಿ ಅಂತ ಜನಕ್ಕೆ ಹೆಂಗ ಗೊತ್ತಾಗ್ಬೇಕ್ರಿ ಮಾಸ್ತರ್?’ ಅಂದರು. ಅವತ್ತು ರಾತ್ರಿ ಊಟ ಸೇರಲಿಲ್ಲ.

ಮರುವಾರ ಒಂದು ಹುಡುಗಿ, ಮೂರನೇ ತರಗತಿ ಇರಬೇಕು, ಚಿತ್ರ ನೋಡಿ ‘ಅಪ್ಪಾ, ಆ ಗುಡ್ಡ ಎಲ್ಲೈತಿ?’ ಎಂದು ಕೇಳಿತು. ಅಪ್ಪ ಊರ ಹೊರಗಿನ ದೇವರ ದಿಬ್ಬಕ್ಕೆ ಕೈ ತೋರಿಸಿದ. ‘ಮತ್ತ ಸಿಡೀತೈತೇನು?’ ಎಂದಿತು ಮಗು. ಅವನು ‘ಸಿಡಿದರೂ ಸಿಡೀಬಹುದು’ ಅಂದ. ಅವನದೇನು ತಪ್ಪು, ಗೋಡೆ ಹೇಳಿದ್ದನ್ನೇ ನಂಬಿದ, ಅಲ್ವಾ? ಆ ಚಿತ್ರ ತೆಗೆಸಿ.

ಚೂಪು ಗುಡ್ಡದ ಜ್ವಾಲಾಮುಖಿ ಬೇಕೆಂದರೆ ಅಂಡಮಾನಿನ ಬ್ಯಾರನ್ ದ್ವೀಪದಲ್ಲಿದೆ, ಈಗಲೂ ಜೀವಂತ. ನಮ್ಮ ಗೋಡೆಗೆ ಬೆಂಕಿಯೇ ಬೇಕೆಂದರೆ ಐಸ್‌ಲ್ಯಾಂಡಿನ ಲಾಕಿ ನೋಡಿ ಬರೆಯಬಹುದು. 1783ರಲ್ಲಿ ಅಲ್ಲಿ 27 ಕಿಲೋಮೀಟರ್ ಉದ್ದ ನೆಲ ಬಾಯಿಬಿಟ್ಟು ಎಂಟು ತಿಂಗಳು ಉಕ್ಕಿತ್ತು. ಬೆಂಕಿಯ ಸಾಲು ಆ ಗುಡ್ಡಕ್ಕಿಂತ ಚೆಂದವೇ ಕಾಣುತ್ತದೆ. ಅದರ ಪಕ್ಕ ಖಣಿಯ ಪದರಗಳನ್ನು ಇದ್ದ ಹಾಗೇ ಬರೆಯಬೇಕು. ಎತ್ತರ ತಿಳಿಯಲು ಒಬ್ಬ ಮನುಷ್ಯನನ್ನು ನಿಲ್ಲಿಸಬೇಕು. ಪದರಗಳ ಹೆಸರು ಕನ್ನಡದಲ್ಲಿ, ಮಕ್ಕಳ ಕಣ್ಣಿನ ಎತ್ತರಕ್ಕೆ ಇರಬೇಕು. ಬರೆಯುವ ಮೊದಲು ಭೂವಿಜ್ಞಾನ ಓದಿದವರೊಬ್ಬರು ನೋಡಬೇಕು. ಗೋಡೆಗೆ ಹೋಗುವ ಚಿತ್ರವನ್ನು ಯಾರು ಪರೀಕ್ಷಿಸಬೇಕು, ಬಿಲ್ ಯಾವಾಗ ಪಾಸಾಗಬೇಕು ಎಂಬ ನಿಯಮ ತಮಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಿದ್ದೂ ಒಂದೇ ತಪ್ಪಿಗೆ ಎರಡು ಸಲ ದುಡ್ಡು ಹೋಯಿತಲ್ಲ, ಯಾರು ಸಹಿ ಹಾಕಿದರು?

ನನಗೆ ಸಂಬಳ ಬೇಡ, ಗೋಡೆಯ ಮೇಲೆ ಹೆಸರೂ ಬೇಡ. ಆ ಚಿತ್ರ ತೆಗೆಸಿ, ಅಷ್ಟೇ. ಶಾಲೆಗಳು ಪ್ರವಾಸಕ್ಕೆ ಹೊರಡುವ ಮೊದಲು ತೆಗೆಸಿ. ನಾನು ಬರೆದದ್ದು ಮನೆಯಲ್ಲಿ ಸುತ್ತಿಟ್ಟಿದೆ. ಯಾರನ್ನಾದರೂ ಕಳಿಸಿದರೆ ಅದೇ ದಿನ ಕೊಟ್ಟು, ಅವರ ಜೊತೆ ನಾನೂ ಏಣಿ ಹತ್ತುತ್ತೇನೆ.

ಇಂತಿ,
ತಮ್ಮ ಕ್ಷೇತ್ರದ ಒಬ್ಬ ನಿವೃತ್ತ ಚಿತ್ರಕಲಾ ಶಿಕ್ಷಕ