ಗಂಟೆ ಬಾರಿಸಿದ್ದಕ್ಕೆ ಗುಂಪು ಬಿಡಬೇಡ

ಪ್ರೀತಿಯ ಗೆಳೆಯಾ,

ನಿನ್ನೆ ರಾತ್ರಿ ನೀನು ಕಳಿಸಿದ ಮೆಸೇಜನ್ನು ಮೂರು ಸಲ ಓದಿದೆ. "ಇನ್ನು ಆ ಗುಂಪಿಗೆ ಕಾಲಿಡಲ್ಲ" ಅಂತ ಬರೆದಿದ್ದೀಯ. ಫೋನ್ ಮಾಡೋಣ ಅಂದುಕೊಂಡೆ. ಆದರೆ ಫೋನಿನಲ್ಲಿ ನಾವಿಬ್ಬರೂ ಒಬ್ಬರ ಮಾತಿಗೆ ಒಬ್ಬರು ಅಡ್ಡ ಬರುತ್ತೇವೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನ್ನ ಹೆಸರು ಎಲ್ಲೂ ಹಾಕಿಲ್ಲ. ನೀನು ಸರಿ ಅಂದರೆ ಮಾತ್ರ ಇದನ್ನು ಬೇರೆಯವರಿಗೂ ಓದಲು ಕೊಡುತ್ತೇನೆ. ಕುಡಿತ ಬಿಡಲು ಗುಂಪಿಗೆ ಬರುವ ನಮ್ಮಂಥವರು ತುಂಬಾ ಜನ ಇದ್ದಾರೆ ಅಲ್ವಾ.

ಮೊದಲು ಒಂದು ಮಾತು. ನಿನಗೆ ನೋವಾಗಿದ್ದು ನಿಜ. ಗುರುವಾರ ನಾನು ನಿನ್ನ ಎದುರಿಗೇ ಕೂತಿದ್ದೆ. ಅಪ್ಪನ ಕೊನೆಯ ದಿನಗಳ ಬಗ್ಗೆ ನೀನು ಮೊದಲ ಸಲ ಬಾಯಿಬಿಟ್ಟಿದ್ದೆ. ಒಬ್ಬೊಬ್ಬರಿಗೆ ಐದು ನಿಮಿಷ ಅಲ್ವಾ, ಅದು ಮುಗಿಯಿತು ಅಂತ ಗಂಟೆ ಬಾರಿಸಿದರು. ನಿನ್ನ ಮುಖ ಬದಲಾಗಿದ್ದನ್ನು ನೋಡಿದೆ. "ಇನ್ನೆರಡು ನಿಮಿಷ ಮಾತಾಡಲಿ" ಅಂತ ನಾನು ಹೇಳಬಹುದಿತ್ತು. ಹೇಳಲಿಲ್ಲ. ಅದು ನನ್ನ ತಪ್ಪು, ಕ್ಷಮಿಸು.

ನೀನು ಎದ್ದು ಹೋದ ಮೇಲೆ ಗಂಟೆ ಬಾರಿಸಿದ ಹಿರಿಯರ ಹತ್ತಿರ ಹೋಗಿ ಕೇಳಿದೆ. ಯಾಕೆ ಅಷ್ಟು ಬಿಗಿ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ತುಂಬಾ ಹಿಂದೆ ಒಬ್ಬ ಹುಡುಗ ಬಂದಿದ್ದನಂತೆ. ಕೊನೆಯ ಕುರ್ಚಿಯಲ್ಲಿ ಕೈ ನಡುಗಿಸುತ್ತಾ ಕೂತಿದ್ದನಂತೆ. ಅವನಿಗಿಂತ ಮೊದಲಿನವರು ಉದ್ದಕ್ಕೆ ಮಾತಾಡಿದರು, ಸಭೆಯ ಒಂದು ಗಂಟೆ ಹೊತ್ತು ಮುಗಿದೇ ಹೋಯಿತು. ಅವನ ಸರದಿ ಬರಲೇ ಇಲ್ಲ. ಮತ್ತೆ ಅವನೂ ಬರಲಿಲ್ಲ. ಆ ಗಂಟೆ ಬಂದಿದ್ದು ಅವನಿಂದ. ಗುರುವಾರವೂ ಕೊನೆಯ ಕುರ್ಚಿಯಲ್ಲಿ ಹೊಸಬರೊಬ್ಬರು ಕೂತಿದ್ದರು, ನೀನು ಗಮನಿಸಿರಲಿಕ್ಕಿಲ್ಲ. ಹಿರಿಯರು ಅವರನ್ನೇ ನೋಡುತ್ತಿದ್ದರು.

ಹಾಗಂತ ಅವರು ಮಾಡಿದ್ದೇ ಸರಿ ಅಂತ ನಾನು ಹೇಳುವುದಿಲ್ಲ. ಸಾವಿನ ಮಾತು ಆಡುತ್ತಿರುವವರ ಮೇಲೆ ಗಂಟೆ ಬಾರಿಸಬಾರದು. ಒಂದು ನಿಮಿಷ ಉಳಿದಿದೆ ಅಂತ ಬೆರಳು ತೋರಿಸಿದರೂ ಸಾಕು. ಗುಂಪಿನ ಕೆಲಸಗಳನ್ನು ತೀರ್ಮಾನಿಸುವ ಮುಂದಿನ ವ್ಯವಹಾರ ಸಭೆಯಲ್ಲಿ ಇದನ್ನು ನಾನೇ ಎತ್ತುತ್ತೇನೆ. ಆದರೆ ಇದು ಗಂಟೆಯ ವಿಷಯ. ನೀನು ಬರೆದಿರುವುದು ಗುಂಪು ಬಿಡುವ ವಿಷಯ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡರು ಅಂತಾರಲ್ಲ, ನಾನು ಹಾಗೆ ಕೊಯ್ದುಕೊಂಡವನು.

ಈ ಕತೆಯನ್ನು ನಿನಗೆ ಪೂರ್ತಿ ಹೇಳಿಲ್ಲ. ಈಗ ಹೇಳುತ್ತೇನೆ. ಆಗ ನಾನು ಬೇರೆ ಗುಂಪಿನಲ್ಲಿದ್ದೆ. ಕುಡಿತ ಬಿಟ್ಟು ಹತ್ತೊಂಬತ್ತು ತಿಂಗಳಾಗಿತ್ತು. ಕುರ್ಚಿಗಳನ್ನು ಸಾಲಾಗಿ ಹಾಕುವುದೋ, ದುಂಡಗೆ ಹಾಕುವುದೋ ಅಂತ ಜಗಳ ಬಂತು. ದುಂಡಗೆ ಇದ್ದರೆ ಎಲ್ಲರ ಮುಖ ಕಾಣುತ್ತದೆ ಅಂತ ನಾನು. ಹಿಂದಿನ ಸಾಲಿನಲ್ಲಿ ಅಡಗಿ ಕೂರುವ ಅವಕಾಶ ಹೊಸಬರಿಗೆ ಬೇಕು ಅಂತ ಇನ್ನೊಬ್ಬರು. ನಾಲ್ಕು ವಾರ ಇದೇ ನಡೆಯಿತು. ಕೊನೆಗೆ ಕೈ ಎತ್ತಿಸಿದರು. ನಾನು ಸೋತೆ. ಬಾಗಿಲು ಜೋರಾಗಿ ಎಳೆದುಕೊಂಡು ಹೊರಟೆ.

ಮೊದಲ ವಾರ ಹಾಯಾಗಿತ್ತು. ಎರಡನೇ ವಾರ ಸ್ಪಾನ್ಸರ್‌ಗೆ, ಅಂದರೆ ಗುಂಪಿನಲ್ಲಿ ನನಗೆ ದಾರಿ ತೋರಿಸುತ್ತಿದ್ದ ಹಳಬರಿಗೆ, ಫೋನ್ ಮಾಡುವುದನ್ನು ಬಿಟ್ಟೆ. ಅವರೂ ಅವತ್ತು ನನ್ನ ಪರ ಕೈ ಎತ್ತಿರಲಿಲ್ಲ ಅಂತ ಸಿಟ್ಟು. ಮೂರನೇ ವಾರದಲ್ಲಿ ಹಗಲೂ ರಾತ್ರಿ ತಲೆಯೊಳಗೆ ಅದೇ ವಾದ. ನಾನು ಹೀಗೆ ಹೇಳಬೇಕಿತ್ತು, ಅವರಿಗೆ ಹೀಗೆ ಮುಖಕ್ಕೆ ಹೊಡೆದಂತೆ ಉತ್ತರ ಕೊಡಬೇಕಿತ್ತು, ಇದೇ. ಪ್ರತಿ ಸಲವೂ ನಾನೇ ಗೆಲ್ಲುತ್ತಿದ್ದೆ. ನಾಲ್ಕನೇ ವಾರ ಕುಡಿದೆ. ಐದು ದಿನ ಕುಡಿದೆ. ಆಮೇಲೆ ಒಂದೇ ಸಲಕ್ಕೆ ನಿಲ್ಲಿಸಿದೆ. ಮೈಯೆಲ್ಲಾ ನಡುಕ ಶುರುವಾಯಿತು. ಹಾಗೆ ತಟ್ಟನೆ ನಿಲ್ಲಿಸಿದರೆ ಕೆಲವರಿಗೆ ಫಿಟ್ಸ್ ಬರುತ್ತದೆ, ಜೀವವೇ ಹೋಗಬಹುದು ಅನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಒಬ್ಬನೇ ಬಾಗಿಲು ಹಾಕಿಕೊಂಡು ಮಲಗಿದ್ದೆ.

ಆಗ ಬಾಗಿಲು ಬಡಿದವರು ಯಾರು ಗೊತ್ತಾ? ಸಾಲು ಕುರ್ಚಿ ಬೇಕು ಅಂತ ನನ್ನ ಜೊತೆ ನಾಲ್ಕು ವಾರ ಜಗಳ ಆಡಿದವರೇ. ನಾಲ್ಕು ವಾರ ಕಾಣಲಿಲ್ಲವಲ್ಲ ಅಂತ ಹುಡುಕಿಕೊಂಡು ಬಂದಿದ್ದರು. ಅವರೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು, ರಾತ್ರಿಯಿಡೀ ಪಕ್ಕದಲ್ಲಿ ಕೂತರು. ಕುರ್ಚಿಯ ಮಾತು ಅವತ್ತೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಅವರನ್ನು ನೆನೆದಾಗ ಈಗಲೂ ಗಂಟಲು ಕಟ್ಟುತ್ತದೆ.

ನಾನು ಬದುಕಿ ಉಳಿದೆ. ಎಲ್ಲರೂ ಉಳಿಯುವುದಿಲ್ಲ. ಹೆರಾಯಿನ್‌ನಂಥ ಅಮಲು ಬಿಟ್ಟು ಬಂದವರಿಗೆ ಅಪಾಯ ಇನ್ನೂ ಜಾಸ್ತಿ. ಸ್ವಲ್ಪ ಕಾಲ ಬಿಟ್ಟರೆ ದೇಹ ಅದನ್ನು ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ. ಮುಂಚಿನಷ್ಟೇ ತೆಗೆದುಕೊಂಡರೂ ಉಸಿರು ನಿಂತುಹೋಗಬಹುದು. ಸಣ್ಣ ಜಗಳಕ್ಕೆ ಯಾರಾದರೂ ಗುಂಪು ಬಿಟ್ಟರು ಅಂದರೆ ನನ್ನ ಎದೆ ಹೊಡೆದುಕೊಳ್ಳುವುದು ಇದಕ್ಕೇ.

ಕಡ್ಡಿ ಗುಡ್ಡವಾಗುವುದು ಯಾಕೆ? ನನಗೆ ಅನ್ನಿಸುವುದು ಇಷ್ಟು. ವರ್ಷಗಟ್ಟಲೆ ನಾವು ಯಾವ ನೋವನ್ನೂ ನೇರವಾಗಿ ಮುಟ್ಟಿಯೇ ಇಲ್ಲ. ಅವಮಾನ ಆದರೂ ಕುಡಿತ, ಖುಷಿಯಾದರೂ ಕುಡಿತ. ಈಗ ಆ ಹೊದಿಕೆ ಇಲ್ಲ. ಹೊಸ ಚರ್ಮದ ಮೇಲೆ ಗಾಳಿ ತಾಗಿದರೂ ಉರಿಯುತ್ತದೆ. ಹಳಬರು ನಾಲ್ಕು ಪ್ರಶ್ನೆ ಕೇಳುತ್ತಾರಲ್ಲ: ಹಸಿದಿದ್ದೀಯಾ, ಸಿಟ್ಟಿನಲ್ಲಿದ್ದೀಯಾ, ಒಂಟಿಯಾಗಿದ್ದೀಯಾ, ದಣಿದಿದ್ದೀಯಾ? ಗುರುವಾರ ನಿನ್ನನ್ನು ಕೇಳಿದ್ದರೆ ನಾಲ್ಕಕ್ಕೂ ಹೌದು ಅನ್ನುತ್ತಿದ್ದೆ. ಎರಡು ರಾತ್ರಿ ನಿದ್ದೆ ಮಾಡಿಲ್ಲ ಅಂತ ನೀನೇ ಹೇಳಿದ್ದೆ. ಅಪ್ಪ ಹೋದ ದುಃಖ ಇನ್ನೂ ಹಸಿಯಾಗಿದೆ. ಗಂಟೆಯ ಸದ್ದು ಅದರ ಮೇಲೆ ಬಿತ್ತು.

ಜಗಳ ನಮ್ಮ ಕಾಲದಲ್ಲೇ ಶುರುವಾಗಿದ್ದೂ ಅಲ್ಲ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ ಆಲ್ಕೋಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು 1935ರಲ್ಲಿ, ಅಮೆರಿಕದ ಆಕ್ರನ್ ಊರಿನಲ್ಲಿ, ಇಬ್ಬರು ಕುಡುಕರು ಎದುರುಬದುರು ಕೂತು ಮಾತಾಡಿದ್ದರಿಂದ. ಒಬ್ಬರು ಬಿಲ್ ವಿಲ್ಸನ್, ಇನ್ನೊಬ್ಬರು ಡಾಕ್ಟರ್ ಬಾಬ್ ಸ್ಮಿತ್. ಮೂರ್ನಾಲ್ಕು ವರ್ಷದಲ್ಲೇ, ಕುಡಿತದಿಂದ ಹೊರಬರುವ ದಾರಿ ಹೇಳುವ ಹನ್ನೆರಡು ಹೆಜ್ಜೆಗಳನ್ನು ಬರೆಯಲು ಕೂತಾಗ ದೊಡ್ಡ ವಾದವೇ ಎದ್ದಿತು. ದೇವರು ಅನ್ನುವ ಪದ ಬೇಕೇ ಬೇಕು ಅಂತ ಕೆಲವರು. ಆ ಪದ ಇದ್ದರೆ ನಂಬಿಕೆ ಇಲ್ಲದವರು ಓಡಿಹೋಗುತ್ತಾರೆ ಅಂತ ಇನ್ನು ಕೆಲವರು. ಕೊನೆಗೆ "ನಾವು ಅರಿತುಕೊಂಡಂತೆ" ಅನ್ನುವ ಮಾತನ್ನು ದೇವರ ಪಕ್ಕದಲ್ಲಿ ಸೇರಿಸಿದರು. ಎರಡೂ ಕಡೆಯವರಿಗೆ ಕೂರಲು ಜಾಗ ಆಯಿತು. ಯೋಚಿಸು, ಆ ವಾದದಲ್ಲಿ ಸೋತವರು ಎದ್ದುಹೋಗಿದ್ದರೆ?

ಗುಂಪುಗಳು ಹೆಚ್ಚಿದ ಹಾಗೆ ನಿಯಮಗಳೂ ಹೆಚ್ಚಿದವು. ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಅಂತ ಒಂದೊಂದು ಗುಂಪಿಗೆ ಒಂದೊಂದು ಪಟ್ಟಿ. ಎಲ್ಲ ಪಟ್ಟಿಗಳನ್ನೂ ತರಿಸಿ ಒಟ್ಟಿಗೆ ಇಟ್ಟು ನೋಡಿದರಂತೆ. ಅಷ್ಟನ್ನೂ ಎಲ್ಲ ಕಡೆ ಜಾರಿ ಮಾಡಿದ್ದರೆ ಯಾವ ಕುಡುಕನೂ ಒಳಗೆ ಬರಲು ಆಗುತ್ತಿರಲಿಲ್ಲ. ಈ ಪೆಟ್ಟುಗಳಿಂದಲೇ, ಗುಂಪುಗಳು ಹೇಗೆ ನಡೆಯಬೇಕು ಅಂತ ಹೇಳುವ ಹನ್ನೆರಡು ಸಂಪ್ರದಾಯಗಳು ಬಂದವು. 1950ರಲ್ಲಿ ಅವನ್ನು ಒಪ್ಪಿಕೊಂಡರು. ಸದಸ್ಯನಾಗಲು ಒಂದೇ ಒಂದು ಅರ್ಹತೆ ಉಳಿಯಿತು, ಕುಡಿತ ಬಿಡುವ ಆಸೆ. ಅದು ನಿನಗೂ ಇದೆ, ಗಂಟೆ ಬಾರಿಸಿದವರಿಗೂ ಇದೆ.

ಇದಕ್ಕೂ ಮುಂಚೆ, 1840ರಲ್ಲಿ, ಬಾಲ್ಟಿಮೋರ್‌ನಲ್ಲಿ ಆರು ಜನ ಕುಡುಕರು ಸೇರಿ ವಾಷಿಂಗ್ಟೋನಿಯನ್ ಅನ್ನುವ ಗುಂಪು ಕಟ್ಟಿದ್ದರು. ಕೆಲವೇ ವರ್ಷದಲ್ಲಿ ಲಕ್ಷಗಟ್ಟಲೆ ಜನ ಸೇರಿದರು. ಆಮೇಲೆ ಹೊರಗಿನ ವಾದಗಳು, ರಾಜಕೀಯ, ಎಲ್ಲದರಲ್ಲೂ ಸಿಕ್ಕಿಕೊಂಡರು. ಆ ಗುಂಪು ಹೆಚ್ಚು ಕಾಲ ಉಳಿಯಲಿಲ್ಲ. ಅದನ್ನು ಓದಿದಾಗೆಲ್ಲ ನನಗೆ ಕಾಣುವುದು, ಮರುವಾರ ಬಂದು ಬಾಗಿಲು ಮುಚ್ಚಿರುವುದನ್ನು ನೋಡಿ ನಿಂತ ಯಾರೋ ಒಬ್ಬರು.

ಎಲ್ಲವನ್ನೂ ಸಣ್ಣದು ಅಂತ ನುಂಗಿಕೋ ಅಂತಲೂ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡ. ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸು, ಮಾತ್ರೆ ತಿಂದರೆ ನೀನು ಕುಡಿತ ಬಿಟ್ಟವನೇ ಅಲ್ಲ ಅಂತ ಯಾರಾದರೂ ಹೇಳಿದರೆ, ಅದು ಸಣ್ಣದಲ್ಲ. ಕೇಳಲೂಬೇಡ. ಹೊಸದಾಗಿ ಬಂದವರ ದುರ್ಬಲ ಗಳಿಗೆ ನೋಡಿ ಕೈ ಹಾಕುವವರು, ಒಳಗೆ ಹೇಳಿದ್ದನ್ನು ಹೊರಗೆ ಹರಡುವವರು, ಹುಂಡಿಯ ಹಣ ಮುಟ್ಟುವವರು, ಇವರ ಬಗ್ಗೆ ಬಾಯಿ ಬಿಡಲೇಬೇಕು. ಗುಂಪು ಕಿವಿಗೆ ಹಾಕಿಕೊಳ್ಳದಿದ್ದರೆ ಬೇರೆ ಗುಂಪು ಹುಡುಕಬೇಕು. ಆಗಲೂ ಹೊಸ ಗುಂಪಿನಲ್ಲಿ ಹೋಗಿ ಕೂತ ಮೇಲೆಯೇ ಹಳೆಯದನ್ನು ಬಿಡು. ನಡುವೆ ಒಂದು ವಾರವೂ ಖಾಲಿ ಬೇಡ.

ಗಂಟೆ, ಕುರ್ಚಿ, ಯಾರು ಓದಬೇಕು, ಬೀಗದ ಕೈ ಯಾರ ಹತ್ತಿರ ಇರಬೇಕು, ಇವೆಲ್ಲ ಬೇರೆ. ಇವುಗಳಲ್ಲಿ ಸೋತರೂ ನಾವು ಕುಡಿಯದೆ ಮಲಗಬಹುದು.

ಗುರುವಾರ ಆರೂಮುಕ್ಕಾಲಿಗೆ ನಿನ್ನ ಮನೆ ಹತ್ತಿರ ಬರುತ್ತೇನೆ. ನಡೆದುಕೊಂಡೇ ಹೋಗೋಣ. ಬಾಗಿಲ ಪಕ್ಕದ ಎರಡು ಕುರ್ಚಿ ಹಿಡಿಯೋಣ. ಮಾತಾಡಲು ಮನಸ್ಸಿಲ್ಲದಿದ್ದರೆ ಸುಮ್ನೆ ಕೂತಿರು. ಹಿರಿಯರು ನಿನ್ನ ಹತ್ತಿರ ಮಾತಾಡಬೇಕು ಅಂದಿದ್ದಾರೆ, ಅವರ ಮುಖದಲ್ಲೂ ನೋವಿತ್ತು. ಅದು ನಿನಗೆ ಬೇಕೆನಿಸಿದಾಗ ಆಗಲಿ, ಅವಸರ ಇಲ್ಲ. ಅಲ್ಲಿಯವರೆಗೆ ಯಾವ ರಾತ್ರಿ ಕಷ್ಟ ಅನ್ನಿಸಿದರೂ ಫೋನ್ ಮಾಡು. ಎರಡು ಗಂಟೆಯಾದರೂ ಪರವಾಗಿಲ್ಲ, ಫೋನ್ ತಲೆದಿಂಬಿನ ಪಕ್ಕದಲ್ಲೇ ಇರುತ್ತದೆ.

ಇನ್ನೊಂದು. ಅವತ್ತು ನಿನ್ನ ಮಾತು ಅರ್ಧಕ್ಕೇ ನಿಂತಿತು. ಅಪ್ಪ ನಿನ್ನ ಕೈ ಹಿಡಿದುಕೊಂಡರು ಅನ್ನುವವರೆಗೆ ಹೇಳಿದ್ದೆ. ಆಮೇಲೆ ಏನಂದರು? ದಾರಿಯಲ್ಲಿ ಹೇಳು, ನನಗೆ ಪೂರ್ತಿ ಕೇಳಬೇಕು.

ನಿನ್ನ,
ಗೆಳೆಯ